ಮೂಗು, ಹಲ್ಲು, ಹಗ್ಗ

ನಾನು ನ್ಯಾಮತಿ ತಾಲ್ಲೂಕಿನ ಸವಳಂಗದವನು. ನಮ್ಮ ಕಡೆ ಪೊಲೀಸ್ ನಾಯಿ ಅಂದರೆ ಮೊದಲು ಬಾಯಿಗೆ ಬರುವ ಹೆಸರು ತುಂಗಾ.

2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಗುಡ್ಡದ ಹತ್ತಿರ ಒಂದು ಹೆಣ ಸಿಕ್ಕಿತು. ದಾವಣಗೆರೆ ಶ್ವಾನದಳದ ಈ ಡಾಬರ್‌ಮನ್ ಅಲ್ಲಿಂದ ವಾಸನೆ ಹಿಡಿದು 12 ಕಿಲೋಮೀಟರ್ ಓಡಿ ಕಾಶೀಪುರ ತಾಂಡಾ ಮುಟ್ಟಿತು. ಪೊಲೀಸರಿಗೆ ಸುಳಿವು ಸಿಕ್ಕಿದ್ದು ಹಾಗೆ. ಜಿಲ್ಲೆಗೆ ಜಿಲ್ಲೆಯೇ ತುಂಗಾಳನ್ನು ಕೊಂಡಾಡಿತು. ನಾನೂ ಕೊಂಡಾಡಿದೆ.

ಆದರೆ ನಾಯಿಗೆ ಮೂಗು ಇರುವಂತೆ ಹಲ್ಲೂ ಇದೆ. ಪೊಲೀಸರು ಆ ಹಲ್ಲನ್ನು ಮನುಷ್ಯರ ಮೇಲೆ ಬಿಟ್ಟಾಗ ಜನ ಕೋರ್ಟಿನ ಮೆಟ್ಟಿಲು ಹತ್ತಿದ ಚರಿತ್ರೆಯನ್ನು ಇವತ್ತು ಹೇಳಬೇಕೆಂದಿದ್ದೇನೆ.

ಅದು ನಡೆದದ್ದು ಅಮೆರಿಕದಲ್ಲಿ. 1963ರ ಮೇ 3ರಂದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಪ್ಪು ಜನರ ಮಕ್ಕಳು ಶಾಲೆ ಬಿಟ್ಟು ಮೆರವಣಿಗೆ ಹೊರಟಿದ್ದರು. ಪೊಲೀಸ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಬುಲ್ ಕಾನರ್, ಬೆಂಕಿ ಆರಿಸುವ ನೀರಿನ ಪೈಪುಗಳನ್ನೂ ನಾಯಿಗಳನ್ನೂ ಅವರ ಮೇಲೆ ಬಿಡಿಸಿದ. ಬಿಲ್ ಹಡ್ಸನ್ ತೆಗೆದ ಒಂದು ಫೋಟೋ ಇದೆ. ಪೊಲೀಸಿನವನು ಒಂದು ಕೈಯಲ್ಲಿ ಹುಡುಗನ ಅಂಗಿ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ನಾಯಿಯ ಹಗ್ಗ. ನಾಯಿ ಹುಡುಗನ ಹೊಟ್ಟೆಗೇ ಬಾಯಿ ಹಾಕಿದೆ. ಆ ಫೋಟೋ ನೋಡುವಾಗ ನನ್ನ ಕಣ್ಣು ನಾಯಿಗಿಂತ ಆ ಹಗ್ಗದ ಮೇಲೇ ನಿಲ್ಲುತ್ತದೆ. ಮರುವರ್ಷ ಅಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂತು.

ಕಾಯಿದೆ ಬಂದರೂ ನಾಯಿಗಳು ಇದ್ದೇ ಇದ್ದವು. ಅಧಿಕಾರಿ ಹಕ್ಕು ಕಸಿದರೆ ಅವನ ಮೇಲೆ ದಾವೆ ಹೂಡಬಹುದೆಂಬ 1871ರ ಹಳೆಯ ಕಾನೂನೊಂದಿತ್ತು. 1961ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತ್ತು. ನಾಯಿ ಕಚ್ಚಿಸಿಕೊಂಡವರು ಹಿಡಿದದ್ದು ಅದೇ ದಾರಿ. ಸುಲಭದ ದಾರಿಯಲ್ಲ ಅದು. ಟೆನೆಸಿಯಲ್ಲಿ ಕಳ್ಳತನದ ಶಂಕಿತನೊಬ್ಬ ಕಾರಿನಡಿ ಅಡಗಿದ್ದಾಗ ಪೊಲೀಸ್ ನಾಯಿ ಅವನ ಕುತ್ತಿಗೆ ಹಿಡಿಯಿತು, ಆತ ಸತ್ತ. 1988ರಲ್ಲಿ ಮೇಲ್ಮನವಿ ಕೋರ್ಟು ಏನೆಂದಿತು ಗೊತ್ತೆ? ತರಬೇತಿ ಪಡೆದ ನಾಯಿಯನ್ನು ಬಿಡುವುದು ಪ್ರಾಣಾಂತಕ ಬಲಪ್ರಯೋಗವಲ್ಲ ಎಂದಿತು. ಮನುಷ್ಯ ಸತ್ತ ಮೇಲೂ ಈ ಮಾತು! ನನಗೆ ಇದನ್ನು ಒಪ್ಪಲು ಆಗುವುದೇ ಇಲ್ಲ.

ಮರುವರ್ಷವೇ ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್ ನಗರದ ಮೊಕದ್ದಮೆಯಲ್ಲಿ ಗಾಳಿ ತಿರುಗಿತು. ನಾಯಿಗಳು ಯಾರನ್ನು, ಎಷ್ಟು ಸಲ ಕಚ್ಚುತ್ತಿವೆ ಎಂದು ಮೇಲಿನವರು ಸರಿಯಾಗಿ ನಿಗಾ ಇಟ್ಟಿರಲಿಲ್ಲ. ಆದ್ದರಿಂದ ನಗರಾಡಳಿತವೇ ಹೊಣೆ ಎಂದಾಯಿತು. ಲಾಸ್ ಏಂಜಲೀಸ್‌ನಲ್ಲಿ ನಾಯಿಗೆ ಕಲಿಸಿದ್ದ ಪಾಠವೇ ‘ಹುಡುಕು, ಕಚ್ಚು’. ದಾವೆ ಬಿದ್ದ ಮೇಲೆ ಅದು ‘ಹುಡುಕು, ಬೊಗಳು’ ಆಯಿತು. 1995ರಲ್ಲಿ ನಗರ 36 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಒಂದು ಪದ ಬದಲಾದದ್ದಕ್ಕೆ ಕಚ್ಚಿಸಿಕೊಳ್ಳುವವರು ಎಷ್ಟೋ ಕಡಿಮೆಯಾದರು. ಅಂದರೆ ಪೊಲೀಸ್ ನಾಯಿ ಕಚ್ಚುವುದು ಬರೀ ಹುಟ್ಟುಗುಣದಿಂದಲ್ಲ, ನಾವು ಕಲಿಸಿದ್ದರಿಂದಲೂ. ಹಾಗಿದ್ದೂ 2015ರಲ್ಲಿ ಫರ್ಗುಸನ್ ನಗರದ ಪೊಲೀಸರ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ ಕೊಟ್ಟ ವರದಿ ನೋಡಿ: ಕಚ್ಚಿಸಿಕೊಂಡವರ ಜನಾಂಗ ದಾಖಲಾಗಿದ್ದ ಪ್ರತಿಯೊಂದು ಪ್ರಕರಣದಲ್ಲೂ ಕಚ್ಚಿಸಿಕೊಂಡವರು ಕಪ್ಪು ಜನರೇ.

ನಮ್ಮಲ್ಲಿ ವ್ಯಾಜ್ಯ ನಡೆದದ್ದು ಹಲ್ಲಿನ ಮೇಲಲ್ಲ, ಮೂಗಿನ ಮೇಲೆ. ಹಳ್ಳಿಯಲ್ಲಿ ಕಳ್ಳತನವಾಗಿ ಶ್ವಾನದಳದ ಜೀಪು ಬಂತೆಂದರೆ ಜನ ಜಗಲಿ ಬಿಟ್ಟು ಓಣಿಗೆ ಇಳಿಯುತ್ತಾರೆ. ನಾಯಿ ಮೂಸುತ್ತಾ, ಹಗ್ಗ ಹಿಡಿದವರನ್ನು ಎಳೆದುಕೊಂಡು ಹೋಗಿ ಯಾರದೋ ಹೊಸ್ತಿಲ ಮುಂದೆ ನಿಲ್ಲುತ್ತದೆ. ಕೋರ್ಟಿಗೆ ಮುಂಚೆ ಊರು ತೀರ್ಪು ಕೊಟ್ಟಾಯಿತು. ಆ ಮನೆಯ ಹೆಂಗಸು ಮಾರನೆ ದಿನ ನೀರಿಗೆ ಬಂದರೆ ನಲ್ಲಿಯ ಹತ್ತಿರ ಮಾತು ನಿಂತುಹೋಗುತ್ತದೆ.

ನಮ್ಮ ಸುಪ್ರೀಂ ಕೋರ್ಟಿಗೆ ಈ ಅಪಾಯ ಬಹಳ ಹಿಂದೆಯೇ ಕಂಡಿತ್ತು. ಮಹಾರಾಷ್ಟ್ರದ ಅಬ್ದುಲ್ ರಜಾಕ್ ಪ್ರಕರಣ, ರೈಲು ಹಳಿ ತಪ್ಪಿಸಿದ ಆರೋಪದ್ದು, 1969ರಲ್ಲಿ ತೀರ್ಮಾನವಾಯಿತು. ನಾಯಿ ಕಟಕಟೆಗೆ ಬಂದು ಪ್ರಮಾಣ ಮಾಡಲಾರದು, ಅದನ್ನು ಪಾಟೀಸವಾಲು ಮಾಡಲಾಗದು, ಮನುಷ್ಯನ ಜೀವ, ಸ್ವಾತಂತ್ರ್ಯ ಅದರ ಊಹೆಗೆ ನೇತುಹಾಕಬಾರದು ಎಂಬ ಆಕ್ಷೇಪಗಳನ್ನು ಕೋರ್ಟ್ ಅಲ್ಲಿ ಗಮನಿಸಿತು. 1993ರಲ್ಲಿ ದೆಹಲಿಯ ಸುರಿಂದರ್ ಪಾಲ್ ಜೈನ್ ಪ್ರಕರಣದಲ್ಲಿ, ನಾಯಿ ತೋರಿಸಿದ್ದು ತಪ್ಪು ಅನುಮಾನಕ್ಕೂ ದಾರಿಯಾಗಬಹುದು ಎಂದು ಹೇಳಿ ಆರೋಪಿಯನ್ನು ಬಿಡುಗಡೆ ಮಾಡಿತು.

ನಾಳೆ ಹಲ್ಲಿನ ಪ್ರಶ್ನೆ ನಮ್ಮಲ್ಲೂ ಎದ್ದರೆ? ದಾಳಿಗೂ ಬಳಸುವ ಬೆಲ್ಜಿಯನ್ ಮ್ಯಾಲಿನೋಯಿಸ್ ನಾಯಿ ತಳಿ ನಮ್ಮ ದೇಶದ ಪಡೆಗಳಿಗೂ ಬಂದಿದೆ. ಆಗ ಕಾನೂನಿನ ಆಸರೆ ಇಲ್ಲದೆ ಇಲ್ಲ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಕೊಳೆತ ಬಿಹಾರದ ರುದುಲ್ ಶಾಗೆ 1983ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದಿಂದಲೇ ಪರಿಹಾರ ಕೊಡಿಸಿತು. ಅಂದಿನಿಂದ ಸಂವಿಧಾನದ 21ನೇ ವಿಧಿ ಹಿಡಿದು ಪರಿಹಾರ ಕೇಳುವ ಬಾಗಿಲು ತೆರೆದಿದೆ.

ಮತ್ತೆ ನಮ್ಮ ಕಡೆಯ ಮೂಗಿನ ಮಾತಿಗೆ ಬರೋಣ. ತುಂಗಾ ಆದಮೇಲೆ ದಾವಣಗೆರೆಯಲ್ಲಿ ಅದೇ ಹೆಸರಿನ ಇನ್ನೊಂದು ನಾಯಿ, ತುಂಗಾ-2, ಕೆಲಸಕ್ಕೆ ಬಂತು. 2024ರ ಜುಲೈನಲ್ಲಿ ಸಂತೇಬೆನ್ನೂರು ಕಡೆ ಒಂದು ಕೊಲೆಯಾದಾಗ ಅದು ರಾತ್ರಿಯಲ್ಲಿ 8 ಕಿಲೋಮೀಟರ್ ಓಡಿ ಒಂದು ಮನೆಯ ಮುಂದೆ ನಿಂತಿತು. ಒಳಗೆ ಒಬ್ಬ ಹೆಂಗಸಿಗೆ ಸಾಯುವಂತೆ ಹೊಡೆತ ಬೀಳುತ್ತಿತ್ತು. ಪೊಲೀಸರು ಒಳಗೆ ನುಗ್ಗಿ ಆಕೆಯನ್ನು ಉಳಿಸಿಕೊಂಡರು.