ಮೂರ್ಛೆ ಬಂದಾಗ ಮನೆಯಲ್ಲಿಯೇ ನೀಡುವ ಔಷಧಿ

(ಕೆಂಪಾಪುರದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಇಂದು ತಮ್ಮೊಡನೆ ಮೂರ್ಛೆ ರೋಗದ ಬಗೆಗೆ, ಅದರಲ್ಲಿಯೂ ಅದಕ್ಕೆಂದು ಮನೆಯಲ್ಲಿ ಇಟ್ಟುಕೊಳ್ಳುವ ತುರ್ತು ಔಷಧಿಯ ಬಗೆಗೆ ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ. ಮೂರ್ಛೆ ರೋಗವು ದೇವರ ಶಾಪವಲ್ಲ, ಗಾಳಿ ಸೋಕಿದ್ದಲ್ಲ, ಅಂಟುಜಾಡ್ಯವೂ ಅಲ್ಲ. ಮಿದುಳಿನ ನರಕೋಶಗಳ ವಿದ್ಯುತ್ ಸಂಚಾರವು ಆಗಾಗ ಅಂಕೆ ತಪ್ಪುವುದರಿಂದ ಉಂಟಾಗುವ ಕಾಯಿಲೆ.

ಬಹುಪಾಲು ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಆದರೆ ಐದು ನಿಮಿಷ ಮೀರಿದ ಸೆಳವು ತಾನಾಗಿ ನಿಲ್ಲುವ ಸಂಭವ ಕಡಿಮೆ. ಅದು ದೀರ್ಘವಾದಷ್ಟೂ ಮಿದುಳಿಗೆ ಅಪಾಯ ಹೆಚ್ಚು. ಯಲಹಂಕದ ಆಚೆಯ ಹಳ್ಳಿಗಳಿಂದ ಹೊರಟ ವಾಹನವು ಹೆಬ್ಬಾಳದ ದಟ್ಟಣೆಯನ್ನು ದಾಟಿ ಹೊಸೂರು ರಸ್ತೆಯ ನಿಮ್ಹಾನ್ಸ್ ತಲುಪಲು ಎಷ್ಟು ಹೊತ್ತು ಬೇಕೆಂಬುದನ್ನು ತಾವೇ ಬಲ್ಲಿರಿ. ಆದುದರಿಂದ ಮೊದಲ ಚಿಕಿತ್ಸೆಯು ಮನೆಯಲ್ಲಿಯೇ ಆರಂಭವಾಗಬೇಕು.

ಇದಕ್ಕಾಗಿ ವೈದ್ಯರು ಸಾಮಾನ್ಯವಾಗಿ ಮಿಡಜೋಲಾಂ ಎಂಬ, ಮೂಗಿಗೆ ಸಿಂಪಡಿಸುವ ಔಷಧಿಯನ್ನು ಬರೆದುಕೊಡುತ್ತಾರೆ. ಇದು ಎಷ್ಟು ಫಲಕಾರಿ? ಈ ಔಷಧಿಯನ್ನೇ ಕೆನ್ನೆಯ ಒಳಬದಿಗೆ ಬಿಟ್ಟು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ 56 ಸಂದರ್ಭಗಳಲ್ಲಿ ಗುಣ ಕಂಡುಬಂದಿತು. ಗುದದ್ವಾರದ ಮೂಲಕ ನೀಡುವ ಡಯಜೆಪಾಂನಿಂದ ಗುಣ ಕಂಡದ್ದು ನೂರಕ್ಕೆ 27ರಲ್ಲಿ ಮಾತ್ರ. ಹೀಗೆ ಔಷಧಿ ಉಪಯುಕ್ತವಾದರೂ ಎಲ್ಲರಲ್ಲಿಯೂ ಫಲಿಸುವುದಿಲ್ಲವೆಂಬುದನ್ನು ಮರೆಯಬಾರದು.

“ಉಸಿರು ಕಟ್ಟಿಬಿಟ್ಟರೆ?” ಎಂದು ಅನೇಕ ತಾಯಂದಿರು ಅಂಜುತ್ತಾರೆ. ಔಷಧಿಯಿಂದ ತೂಕಡಿಕೆ ಬರುವುದು ಸಹಜ. ಕೆಲವೊಮ್ಮೆ ಉಸಿರಾಟ ನಿಧಾನವಾಗುವುದೂ ಉಂಟು. ಆದರೆ ನಿಲ್ಲದ ಸೆಳವೇ ಉಸಿರಿಗೆ ಹೆಚ್ಚಿನ ಶತ್ರು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿಯು ಇದೇ ಗುಂಪಿನ ಔಷಧಿಗಳನ್ನು ವಯಸ್ಕರ ರಕ್ತನಾಳಕ್ಕೆ ನೀಡಿದ ಅಧ್ಯಯನವು 2001ರಲ್ಲಿ ಪ್ರಕಟವಾಯಿತು. ಉಸಿರಾಟ ಹಾಗೂ ರಕ್ತಸಂಚಾರದ ತೊಂದರೆಗಳು ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ, ಪಡೆಯದವರಲ್ಲಿ ಸುಮಾರು ಇಪ್ಪತ್ತೆರಡು ಮಂದಿಗೆ ಉಂಟಾದವು.

ಸೆಳವು ಆರಂಭವಾದ ಕೂಡಲೇ ಗಡಿಯಾರ ನೋಡಿರಿ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕೊರಳ ಗುಂಡಿ ಸಡಿಲಿಸಿರಿ. ಬಾಯಿಗೆ ಚಮಚ, ನೀರು, ಮಾತ್ರೆ ಯಾವುದನ್ನೂ ಹಾಕಬೇಡಿರಿ. ಕೈಗೆ ಬೀಗದ ಕೈ ಕೊಡುವುದರಿಂದಾಗಲಿ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದಾಗಲಿ ಸೆಳವು ನಿಲ್ಲದು. ವೈದ್ಯರು ಸೂಚಿಸಿದ ಹೊತ್ತಿಗೆ, ಸಾಮಾನ್ಯವಾಗಿ ಐದು ನಿಮಿಷವಾದೊಡನೆ, ಅವರು ಬರೆದುಕೊಟ್ಟ ಅಳತೆಯಷ್ಟೇ ಸಿಂಪಡಿಸಿ 108ಕ್ಕೆ ಕರೆ ಮಾಡಿರಿ. ಆಂಬ್ಯುಲೆನ್ಸ್ ಬರುವವರೆಗೆ ಉಸಿರಾಟವನ್ನು ಗಮನಿಸುತ್ತಿರಿ. ಅವರು ಹೇಳದೆ ಎರಡನೆಯ ಸಲ ಕೊಡಬೇಡಿರಿ. ಮೊಟ್ಟಮೊದಲ ಬಾರಿಗೆ ಸೆಳವು ಬಂದವರನ್ನೂ, ಸೆಳವು ಬಂದ ಗರ್ಭಿಣಿಯರನ್ನೂ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಔಷಧಿಯ ಅಳತೆ ದೇಹದ ತೂಕವನ್ನು ಅವಲಂಬಿಸಿದೆ. ಮಗು ಬೆಳೆದಂತೆ ಅದನ್ನು ಮತ್ತೆ ಬರೆಸಿಕೊಳ್ಳಬೇಕು. ಒಬ್ಬರ ಔಷಧಿ ಮತ್ತೊಬ್ಬರಿಗೆ ಸಲ್ಲದು. ಅವಧಿಯ ದಿನಾಂಕವನ್ನು ಆಗಾಗ ನೋಡುತ್ತಿರಿ. ತುರ್ತು ಔಷಧಿ ಮನೆಯಲ್ಲಿದೆಯೆಂದು ದಿನನಿತ್ಯದ ಮಾತ್ರೆಗಳನ್ನು ಬಿಡುವುದು ಸರ್ವಥಾ ಕೂಡದು; ಗರ್ಭ ನಿಂತಾಗಲೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಕೊನೆಯದಾಗಿ, ನಾನು ಕಂಡ ಒಂದು ಸಂಗತಿ. ಒಂದು ಮನೆಯಲ್ಲಿ ನೆಂಟರ ಕಣ್ಣಿಗೆ ಬೀಳದಿರಲೆಂದು ಮಗುವಿನ ಔಷಧಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಸೆಳವು ಬಂದಾಗ ಬೀಗದ ಕೈ ತಂದೆಯ ಜೇಬಿನಲ್ಲಿ, ತಂದೆ ಹೊಲದಲ್ಲಿ. ಮಗುವೇನೋ ಬದುಕಿತು, ಆದರೆ ಅರ್ಧ ಗಂಟೆ ಒದ್ದಾಡಿ, ಹಲವು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಬೀಗ ಹಾಕಿಸಿದ್ದು ನಾಚಿಕೆ. ಮೂರ್ಛೆ ರೋಗದ ಕಾರಣಕ್ಕೆ ವಿವಾಹವನ್ನು ರದ್ದುಪಡಿಸಲು ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಅವಕಾಶವನ್ನೇ 1999ರಲ್ಲಿ ತೆಗೆದುಹಾಕಲಾಯಿತು. ಹೀಗಿರುವಾಗ ಗಂಡನು ಹೆಂಡತಿಯಿಂದ, ಹೆಂಡತಿಯು ಗಂಡನಿಂದ, ಮನೆಯವರು ಶಾಲೆಯ ಮೇಷ್ಟರಿಂದ ಇದನ್ನು ಮುಚ್ಚಿಡುವುದೇಕೆ?

ಔಷಧಿಯು ಚಿಕ್ಕ ಮಕ್ಕಳಿಗೆ ಎಟುಕದ, ಆದರೆ ದೊಡ್ಡವರೆಲ್ಲರ ಕೈಗೆ ಸಿಗುವ ಸ್ಥಳದಲ್ಲಿರಲಿ. ಅದನ್ನು ಕೊಡುವ ಬಗೆಯನ್ನು ಪತಿ-ಪತ್ನಿಯರಿಬ್ಬರೂ ವೈದ್ಯರೆದುರಿನಲ್ಲಿಯೇ ಕಲಿತುಕೊಳ್ಳಿರಿ. ಇಂದು ಮನೆಗೆ ಹೋದೊಡನೆ ಅದು ಎಲ್ಲಿದೆಯೆಂದು ಒಬ್ಬರನ್ನೊಬ್ಬರು ಕೇಳಿ ನೋಡಿರಿ.