ಕಾಲೇಜಿನ ಪಟ್ಟಿಯಲ್ಲಿ ನಾವೆಲ್ಲಿ?
(ಲೋಣಾವಳಾದಲ್ಲಿ ನಡೆದ ಮಹಿಳಾ ವೇದಿಕೆಯ ಸ್ನೇಹಕೂಟದಲ್ಲಿ ಆಡಿದ ಮಾತು)

ಹೊರಗೆ ಮಳೆ, ಚಿಕ್ಕಿ ಕೊಳ್ಳಲು ಎಲ್ಲರಿಗೂ ಆತುರ. ಹೆಚ್ಚು ಕೊರೆಯುವುದಿಲ್ಲ.

ನಾನು ಎಂ.ಟೆಕ್ ಓದಿದ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದಿಂದ ದೇಣಿಗೆ ಕೇಳಿ ಪತ್ರ ಬಂತು. ಬಂದದ್ದು ಪುಣೆಗಲ್ಲ, ತವರಿಗೆ! ಅವರ ಪಟ್ಟಿಯಲ್ಲಿ ನಾನಿನ್ನೂ ಅಪ್ಪನ ಮನೆಯಲ್ಲೇ ಇದ್ದೆ. ಮದುವೆಯಾಗಿ ಊರು, ಹೆಸರು, ನಂಬರು ಬದಲಾದ ನಮ್ಮಂಥವರು ಹೀಗೇ ಕಳೆದುಹೋಗುತ್ತೇವೆ. ಗಂಡು ಹುಡುಗರು ಸುಲಭವಾಗಿ ಸಿಗುತ್ತಾರೆ, ಹಾಗಾಗಿ ಮಾತಾಡಲು ಕರೆಯುವುದೂ ಅವರನ್ನೇ.

ಮನೆ ಸಾಲದ ಕಂತಿನ ನಡುವೆ ದೊಡ್ಡ ಮೊತ್ತ ಕೊಡಲು ಆಗುತ್ತಿರಲಿಲ್ಲ. ನಮ್ಮ ವಿಭಾಗದ ಮೇಡಂಗೆ ಫೋನ್ ಮಾಡಿ, “ದುಡ್ಡು ಕಷ್ಟ ಮೇಡಂ, ಭಾನುವಾರ ಒಂದು ಗಂಟೆ ಕೊಡ್ತೀನಿ” ಅಂದೆ. ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿದ್ದ ಮೂವರು ಹುಡುಗಿಯರನ್ನು ನನಗೆ ಒಪ್ಪಿಸಿದರು. ಅವರಲ್ಲೊಬ್ಬಳು ವಿಡಿಯೋ ಕಾಲ್‌ನಲ್ಲಿ ಇಂಗ್ಲಿಷಿನ ಎರಡು ವಾಕ್ಯ ಹೇಳಿ ಸುಮ್ಮನಾದಳು. “ನಿನ್ನ ಪ್ರಾಜೆಕ್ಟ್ ಏನು ಅಂತ ಕನ್ನಡದಲ್ಲೇ ಹೇಳಮ್ಮ” ಅಂದೆ. ಇಪ್ಪತ್ತು ನಿಮಿಷ ನಿಲ್ಲಿಸಲೇ ಇಲ್ಲ! ಡೇಟಾಬೇಸ್‌ನಲ್ಲಿ ಎಲ್ಲಿ ತಪ್ಪಾಯಿತು, ಹೇಗೆ ಸರಿಮಾಡಿದಳು, ಎಲ್ಲ ಹೇಳಿದಳು. ವಿಷಯ ಗೊತ್ತಿತ್ತು, ಭಾಷೆ ಅಡ್ಡ ನಿಂತಿತ್ತು, ಅಷ್ಟೇ. ಅವಳು ಹೇಳಿದ್ದನ್ನೇ ಇಬ್ಬರೂ ಕೂತು ಒಂದೊಂದು ವಾಕ್ಯವಾಗಿ ಇಂಗ್ಲಿಷಿಗೆ ತಂದೆವು. ಐದು ಭಾನುವಾರ ಹಿಡಿಯಿತು. ಮೊದಲ ಕಂಪನಿಯಲ್ಲಿ ಆಗಲಿಲ್ಲ. ಎರಡನೆಯದರ ಉತ್ತರಕ್ಕೆ ಕಾಯುತ್ತಿದ್ದಾಳೆ, ನಾನೂ ಕಾಯುತ್ತಿದ್ದೇನೆ.

ಸುಧಾ ಮೂರ್ತಿಯವರ ಕಥೆ ನಿಮಗೆಲ್ಲ ಗೊತ್ತು. 1974ರಲ್ಲಿ ಟೆಲ್ಕೊ ಜಾಹೀರಾತು ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂದಾಗ ಜೆ.ಆರ್.ಡಿ. ಟಾಟಾರಿಗೆ ಪೋಸ್ಟ್‌ಕಾರ್ಡ್ ಬರೆದರು, ಇದೇ ಪುಣೆಯಲ್ಲಿ ಕೆಲಸಕ್ಕೆ ಸೇರಿದರು. ಅದಕ್ಕೂ ಮೊದಲು ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಇಂಥ ಕೊರತೆ ಅಲ್ಲಿ ಓದಿದ ಹೆಣ್ಣುಮಗಳಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ. ಹೋಗಿ ಹೇಳುವುದೂ ಒಂದು ಕೊಡುಗೆಯೇ. ಅಂದಹಾಗೆ, ನ್ಯಾಕ್‌ನವರು ಕಾಲೇಜನ್ನು ಅಳೆಯುವಾಗ ಹಳೆ ವಿದ್ಯಾರ್ಥಿಗಳು ಕೊಟ್ಟ ಹಣವನ್ನಷ್ಟೇ ಅಲ್ಲ, ಮಾಡಿದ ಬೇರೆ ಸಹಾಯವನ್ನೂ ಕೇಳುತ್ತಾರೆ.

ಕೆಲಸ ಬಿಟ್ಟು ಮನೆ ನೋಡಿಕೊಳ್ಳುತ್ತಿರುವ ಅಕ್ಕಂದಿರು “ನಮ್ಮಿಂದ ಏನಾಗುತ್ತೆ” ಅನ್ನುತ್ತೀರಿ. ಮೊದಲ ಸಲ ಪುಣೆಗೆ ಬರುವ ಹುಡುಗಿಗೆ ಯಾವ ಪಿ.ಜಿ. ಪರವಾಗಿಲ್ಲ, ಹಿಂಜವಡಿಗೆ ಎಷ್ಟು ಹೊತ್ತಿಗೆ ಹೊರಡಬೇಕು, ಇದನ್ನೆಲ್ಲ ಹೇಳುವವರು ಯಾರು?

ಊಟಕ್ಕೆ ಏಳುವ ಮುಂಚೆ ಮೊಬೈಲ್ ತೆಗೆದು ನಿಮ್ಮ ನಿಮ್ಮ ಕಾಲೇಜಿಗೆ ಈಗಿನ ಹೆಸರು, ನಂಬರು ಕಳಿಸಿಬಿಡಿ. ನನ್ನದನ್ನು ತಿದ್ದಿಸಲು ಎರಡು ಮೇಲ್ ಬೇಕಾದವು.