ಸಕ್ಕರೆ ಕಾಯಿಲೆಯೂ ಕ್ಯಾನ್ಸರೂ
(ಶಿವರಾತ್ರಿ ಉತ್ಸವದ ಸಭೆಯಲ್ಲಿ ಧರ್ಮದರ್ಶಿಯೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ದಿನಸಿ ಅಂಗಡಿಯವನು, ಡಾಕ್ಟರಲ್ಲ. ನೊಳಂಬರ ರಾಜಧಾನಿಯಾಗಿದ್ದ ಈ ಹೆಂಜೇರಿನಲ್ಲಿ, ಸಿದ್ಧೇಶ್ವರಸ್ವಾಮಿಯ ಸನ್ನಿಧಿಯಲ್ಲಿ ಕಾಯಿಲೆಯ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಮನೆಗೇ ಪೆಟ್ಟು ಬಿದ್ದಿದೆ, ಅದಕ್ಕೆ ಹೇಳುತ್ತಿದ್ದೇನೆ.

ನಮ್ಮಕ್ಕನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಮೈಯೂ ದಪ್ಪ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ರಕ್ತ ಕಾಣಿಸಿತು. ಸಂಕೋಚಕ್ಕೆ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಬೆಂಗಳೂರಿಗೆ ಕರೆದೊಯ್ದಾಗ ಗರ್ಭಕೋಶದ ಕ್ಯಾನ್ಸರ್ ಎಂದರು. ಈ ಸಲದ ಉತ್ಸವಕ್ಕೆ ಅಕ್ಕ ಇಲ್ಲ.

ಸಕ್ಕರೆಗೂ ಕ್ಯಾನ್ಸರಿಗೂ ಏನು ನಂಟು ಎಂದು ಡಾಕ್ಟರನ್ನು ಕೇಳಿದೆ. ಹೊಟ್ಟೆಯ ಬೊಜ್ಜು ಹೆಚ್ಚಿದಾಗ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲವಂತೆ. ಅದಕ್ಕೆ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಇನ್ಸುಲಿನ್ ಜೀವಕೋಶಗಳಿಗೆ ಬೆಳೆಯಲು ಕುಮ್ಮಕ್ಕು ಕೊಡುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಬೊಜ್ಜೇ ಸ್ತ್ರೀ ಹಾರ್ಮೋನನ್ನೂ ತಯಾರಿಸಿ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ.

ಅಮೆರಿಕದ ಡಯಾಬಿಟೀಸ್ ಸಂಘ ಮತ್ತು ಕ್ಯಾನ್ಸರ್ ಸಂಘ 2010ರಲ್ಲಿ ಕೂಡಿ ಪರಿಶೀಲಿಸಿ, ಸಕ್ಕರೆ ಕಾಯಿಲೆಯವರಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿ, ಗರ್ಭಕೋಶ, ದೊಡ್ಡ ಕರುಳು, ಸ್ತನ, ಮೂತ್ರಕೋಶದ ಕ್ಯಾನ್ಸರು ಹೆಚ್ಚು ಎಂದವು. ಅತಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2016ರಲ್ಲಿ ತಿಳಿಸಿದರು. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆಂದು 2023ರಲ್ಲಿ ಲೆಕ್ಕ ಬಂತು.

ಹೆದರಬೇಡಿ. ಸಕ್ಕರೆ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಆದರೆ ಉದಾಸೀನವೂ ಬೇಡ. ಮುದ್ದೆ ಒಳ್ಳೆಯದೆಂದು ಮೂರು ಮುದ್ದೆ ಉಂಡರೆ ಅದೂ ಸಕ್ಕರೆಯೇ. ಹಿತಮಿತವಾಗಿ ಉಣ್ಣಿ, ದಿನವೂ ನಡೆಯಿರಿ, ಬೀಡಿ ಗುಟ್ಕಾ ಬಿಡಿ. ಸಕ್ಕರೆ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಕಾರಣವಿಲ್ಲದೆ ತೂಕ ಇಳಿದರೆ "ಸಕ್ಕರೆಯಿಂದಲೇ" ಎಂದು ಸುಮ್ಮನಿರಬೇಡಿ. ತಾಯಂದಿರೇ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಮುಚ್ಚಿಡಬೇಡಿ, ಅಂದೇ ಮನೆಯವರಿಗೆ ಹೇಳಿ ಡಾಕ್ಟರಿಗೆ ತೋರಿಸಿ. ಗಂಡಸರೇ, ಅವರು ಹೇಳುವ ಹಾಗೆ ನೀವು ನಡೆದುಕೊಳ್ಳಿ. ನಾನು ಅಕ್ಕನನ್ನು ಒಂದು ದಿನವೂ ಕೇಳಲಿಲ್ಲ.

ಸಕ್ಕರೆ ಮಾರುವವನೇ ಹೀಗೆನ್ನುತ್ತಾನಲ್ಲ ಎಂದು ನಗಬೇಡಿ. ವ್ಯಾಪಾರ ಒಂದು ಮೂಟೆ ಕಮ್ಮಿಯಾದರೂ ಚಿಂತೆಯಿಲ್ಲ, ಮುಂದಿನ ಶಿವರಾತ್ರಿಗೆ ತಾವೆಲ್ಲರೂ ಬರಬೇಕು. ಸ್ವಾಮಿ ಸಕಲರಿಗೂ ಆಯುರಾರೋಗ್ಯ ಕರುಣಿಸಲಿ ಎಂದು ಪ್ರಾರ್ಥಿಸಿ ನನ್ನ ಎರಡು ಮಾತು ಮುಗಿಸುತ್ತೇನೆ.